ಬಲಗಾಲಿನ ಉಳುಕು

ನನ್ನ ಹೆಂಡತಿ ಕೈ ಹಿಡಿದದ್ದು ನನ್ನದು. ಕಾಲು ಹಿಡಿಯುವುದು ಮಾತ್ರ ಊರವರದು. ತಪ್ಪು ತಿಳಿಯಬೇಡಿ, ಅದು ಅವಳ ಉದ್ಯೋಗ. ಗಾಲ್ಫ್ ಕ್ಲಬ್ಬಿನ ಹಿಂಭಾಗದ ಕೋಣೆಯಲ್ಲಿ ಅವಳು ಫಿಸಿಯೋಥೆರಪಿಸ್ಟ್. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಆರರವರೆಗೆ ಆಟಗಾರರ ಉಳುಕಿದ ಕಣಕಾಲುಗಳನ್ನು ತಿರುಗಿಸಿ, ಒತ್ತಿ, ಪಟ್ಟಿ ಸುತ್ತಿ ಬರುತ್ತಾಳೆ. ಊಟಕ್ಕೆ ಕೂತಾಗಲೂ ಅದೇ ಸುದ್ದಿ. ಕ್ಲಬ್ಬಿನ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರ ಊತ ಇಳಿದಿದೆ, ಕಂಟ್ರಾಕ್ಟರರದು ಮತ್ತೆ ಏರಿದೆ.

ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಇಪ್ಪತ್ತಾರು ವರ್ಷಗಳಿಂದ ಬೋರ್ಡಿನ ಮುಂದೆ ನಿಂತೇ ಇದ್ದೇನೆ. (ಭೂಮಿ ತಿರುಗುತ್ತದೆ ಎಂದು ಹೇಳಿಕೊಡುವವನು ತಾನು ಕದಲುವ ಹಾಗಿಲ್ಲ.) ಸಂಜೆಯ ಹೊತ್ತಿಗೆ ಈ ಪಾದಗಳು ನನ್ನವೇ ಎಂದು ನಂಬುವುದೂ ಕಷ್ಟ. ಒಂದು ದಿನ ಮೆಲ್ಲಗೆ ಅವನ್ನು ಅವಳತ್ತ ಚಾಚಿದೆ. ಅವಳು ನೋಡದೆಯೇ, ಬಿಸಿನೀರಿನಲ್ಲಿ ಇಟ್ಟುಕೊಳ್ಳಿ ಅಂದಳು. ನೀರು ಕಾಯಿಸಬೇಕಾದವನೂ ನಾನೇ.

ಅಷ್ಟರಲ್ಲಿ ಕ್ಲಬ್ಬಿನವರು ಸಿಬ್ಬಂದಿಯ ಮನೆಯವರಿಗೆ ಭಾನುವಾರ ಒಂದು ಉಚಿತ ಪಾಠ ಎಂದು ಪ್ರಕಟಿಸಿದರು. ನನಗೆ ಜ್ಞಾನೋದಯವಾಯಿತು. ಗಂಡನ ಕಾಲಿಗೆ ಬೆಲೆ ಇಲ್ಲದಿದ್ದರೇನು, ಗಾಲ್ಫ್ ಆಟಗಾರನ ಕಾಲಿಗೆ ಇದೆಯಲ್ಲ.

ಅಲ್ಲಿ ಕಲಿಸುವವರನ್ನು ಎಲ್ಲರೂ ಸೀಟಿ ಎನ್ನುತ್ತಾರೆ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಅವರು ಹೇಳಿದಂತೆ ನಿಂತು ಮೂರು ಸಲ ಕೋಲು ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಹುಲ್ಲು ಮಾತ್ರ ಅಂಗೈಯಗಲ ಕಿತ್ತು ಬಂತು. ನಾಲ್ಕನೆಯ ಸಲ ಬೀಸಿದವನೇ ಬಲಗಾಲು ಹಿಡಿದುಕೊಂಡು ಕುಸಿದೆ. (ಪರೀಕ್ಷೆಯ ದಿನ ಮಕ್ಕಳಿಗೆ ಬರುವ ಹೊಟ್ಟೆನೋವನ್ನು ಇಪ್ಪತ್ತಾರು ವರ್ಷ ನೋಡಿದ್ದೇನೆ. ನರಳುವ ವಿದ್ಯೆ ನನಗೆ ಹೊಸದಲ್ಲ.) ಬ್ಯಾಟರಿ ಗಾಡಿಯಲ್ಲಿ ಹೇರಿಕೊಂಡು ಹೋಗಿ ನನ್ನನ್ನು ಹೆಂಡತಿಯ ಕೋಣೆಗೆ ತಲುಪಿಸಿದರು.

ಅವಳು ಬೂಟು ಬಿಚ್ಚಿ ಅಲ್ಲಿ ಇಲ್ಲಿ ಒತ್ತಿ, ನೋವಿದೆಯಾ ಎಂದು ಕೇಳುತ್ತಾ ಹೋದಳು. ನಾನು ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ಹೂಂಗುಟ್ಟಿದೆ. ಕೊನೆಯ ಸಲ ಅವಳು ಒತ್ತಿದ್ದು ಮೊಣಕಾಲನ್ನು. ಅವಳು ಪಟ್ಟಿ ಸುತ್ತಿ, ವಾರದ ವಿಶ್ರಾಂತಿ ಎಂದು ಬರೆದಳು. ನನ್ನ ಶಾಲೆಗೆ ಪತ್ರ ಕಳಿಸಿ, ಗಂಡನ ಆರೈಕೆಗೆಂದು ತಾನೂ ಒಂದು ವಾರ ರಜೆ ಹಾಕಿದಳು. ನನ್ನ ಎದೆ ತುಂಬಿ ಬಂತು. ಇಷ್ಟು ವರ್ಷ ಈ ಸಾಧ್ವಿಯನ್ನು ನಾನು ಅರಿಯದೇ ಹೋದೆನೇ ಎಂದು ನೊಂದುಕೊಂಡೆ.

ಮೊದಲ ದಿನ ಸ್ವರ್ಗ. ಕಾಲಡಿ ದಿಂಬು, ಕೂತಲ್ಲಿಗೇ ಚಹಾ. ಎರಡನೆಯ ದಿನ ಚಿಕಿತ್ಸೆ ಶುರುವಾಯಿತು. ಕಣಕಾಲು ಎಲ್ಲ ದಿಕ್ಕಿಗೂ ತಿರುಗಬೇಕಾದರೆ ಬಾಯಲ್ಲಿ ಹೇಳುತ್ತಾ ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಬೇಕಂತೆ. ಇಂಗ್ಲಿಷಿನಲ್ಲಾದರೆ ಇಪ್ಪತ್ತಾರಕ್ಕೆ ಮುಗಿಯುತ್ತಿತ್ತು. ನಮ್ಮ ಭಾಷೆ ಇರುವಾಗ ಅದೇಕೆ ಅಂದಳು. ವರ್ಣಮಾಲೆ ಮುಗಿಸಿ ಕಾಗುಣಿತಕ್ಕೆ ಇಳಿದೆ. ಘ ಮುಟ್ಟುವಷ್ಟರಲ್ಲಿ ತೊಡೆ ನಡುಗತೊಡಗಿತು. ಕಾಲಲ್ಲಿ ಞ ಬರೆದವನ ಪಾಡು ಬರೆದವನಿಗೇ ಗೊತ್ತು. ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ್ದವಳು, ಝ ಬಿಟ್ಟಿರಿ ಎಂದು ಎಚ್ಚರಿಸಿದಳು.

ಮೂರನೆಯ ದಿನ ಅವಳು ಎದ್ದದ್ದು ಒಂಬತ್ತಕ್ಕೆ. ಸಮತೋಲನ ಸುಧಾರಿಸಲು ಒಂಟಿಕಾಲಲ್ಲಿ ನಿಲ್ಲಬೇಕು, ಸುಮ್ಮನೆ ನಿಂತರೆ ಬೇಸರವಾಗುತ್ತದೆ, ಹಾಗಾಗಿ ಪಾತ್ರೆ ತೊಳೆಯಿರಿ ಅಂದಳು. ಒಂಟಿಕಾಲಲ್ಲಿ ತಪಸ್ಸು ಮಾಡಿದವರಿಗೆ ವರ ಸಿಕ್ಕಿದ್ದನ್ನು ಕೇಳಿದ್ದೇನೆ. ನನಗೆ ಸಿಕ್ಕಿದ್ದು ತಳ ಹತ್ತಿದ ಹಾಲಿನ ಪಾತ್ರೆ.

ನಾಲ್ಕನೆಯ ದಿನ ಅವಳು ಔಷಧದ ಬಾಟಲಿಯ ಮುಚ್ಚಳ ತೆಗೆಯಲಾರದೆ ನನ್ನ ಕೈಗೆ ಕೊಟ್ಟಳು. ಆಗ ನೋಡಿದೆ. ಅಂಗಿಯ ಉದ್ದ ತೋಳಿನ ಅಂಚಿನೊಳಗೆ ಅವಳ ಮಣಿಕಟ್ಟಿಗೂ ಒಂದು ಪಟ್ಟಿ. ಹೆಬ್ಬೆರಳ ಬುಡ ಊದಿ ಕೆಂಪಾಗಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. ನಾಲ್ಕು ತಿಂಗಳಂತೆ. ಒಂದೇ ಮನೆಯಲ್ಲಿದ್ದು ನನಗೆ ಕಂಡಿರಲಿಲ್ಲ.

"ನನ್ನ ಕಾಲು ಉಳುಕೇ ಇಲ್ಲ ಕಣೆ" ಅಂದೆ.

"ಗೊತ್ತು" ಅಂದಳು, ಬಾಟಲಿ ಇಸಿದುಕೊಳ್ಳುತ್ತಾ. "ನಿಮ್ಮಂಥ ಬಲಗೈಯವರು ಬೀಸಿದ್ರೆ ಭಾರ ಎಲ್ಲಾ ಎಡಗಾಲಿಗೆ ಹೋಗತ್ತೆ. ನನ್ನ ಹತ್ರ ಬರೋ ಹತ್ತು ಜನದಲ್ಲಿ ಎಂಟು ಜನದ್ದು ಎಡಗಾಲೇ. ನೀವು ಬಲಗಾಲು ಹಿಡ್ಕೊಂಡು ಬಂದ್ರಿ. ಊತ ಇಲ್ಲ. ಮೊಣಕಾಲು ಒತ್ತಿದ್ರೂ ಹೂಂ ಅಂದ್ರಿ."

"ಮತ್ಯಾಕೆ ಸುಮ್ಮನಿದ್ದೆ?"

"ನನ್ನ ಕೈ ನೋವು ಅಂತ ಎರಡು ಸಲ ರಜೆ ಕೇಳ್ದೆ. ಸೀಸನ್ನು, ಆಗಲ್ಲ ಅಂದ್ರು. ಅವರ ಹುಲ್ಲಿನ ಮೇಲೇ ಗಂಡ ಬಿದ್ರೆ ಇಲ್ಲ ಅನ್ನೋಕೆ ಆಗತ್ತಾ?"

ಅವಳು ಮಲಗಲು ಹೋದಳು. ನಾನು ಯಾರೂ ಹೇಳದೆಯೇ ಎದ್ದು, ಎರಡೂ ಕಾಲಿನ ಮೇಲೆ ನಿಂತು ಪಾತ್ರೆ ತೊಳೆದೆ.

ಶನಿವಾರ ಸಂಜೆ ಸ್ವತಃ ನ್ಯಾಯಾಧೀಶರೇ ಹೂಗುಚ್ಛ ಹಿಡಿದು ಬಂದರು. ಕ್ಲಬ್ಬಿನ ನೆಲದಲ್ಲಿ ನನಗೆ ಹೀಗಾಯಿತಲ್ಲ ಎಂದು ಅವರಿಗೆ ಸಂಕೋಚ. ಸೋಮವಾರ ಮೇಡಂ ಬರಬಹುದೇ ಎಂದು ವಿಚಾರಿಸಿದರು. ಇವರದು ಇನ್ನೂ ಒಂದು ವಾರವಾದರೂ ಬೇಕು ಎಂದು ಅವಳು ತಣ್ಣಗೆ ಹೇಳಿದಳು. ನ್ಯಾಯಾಧೀಶರು ಸಾಕ್ಷಿಯನ್ನು ನೋಡುವಂತೆ ನನ್ನತ್ತ ತಿರುಗಿ, ನಿಜವಾಗಿ ಅಷ್ಟು ನೋವಿದೆಯೇ ಎಂದು ಕೇಳಿದರು.

ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ತುಂಬಾ ಇದೆ ಸಾರ್" ಅಂದೆ. ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಅವರ ಮುಖ ಕರಗಿತು. ಹಾಗಾದರೆ ಮೇಡಂಗೆ ಇನ್ನೊಂದು ವಾರ ರಜೆ ಇರಲಿ, ಆದರೆ ಅವರೊಬ್ಬರಿಗೇ ಈ ಶ್ರಮ ಬೇಡ, ಸೋಮವಾರದಿಂದ ದಿನಾ ಬೆಳಗ್ಗೆ ಆರಕ್ಕೆ ಸೀಟಿಯವರನ್ನೇ ಮನೆಗೆ ಕಳಿಸುತ್ತೇನೆ, ಎಲ್ಲ ವ್ಯಾಯಾಮವನ್ನೂ ಅವರೇ ನಿಂತು ಮಾಡಿಸಲಿ, ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ, "ದೊಡ್ಡ ಉಪಕಾರ ಆಯ್ತು ಸಾರ್" ಅಂದಳು.

ಸೀಟಿಯವರು ಸಮಯಕ್ಕೆ ತಪ್ಪುವವರಲ್ಲ.