ಸ್ಟ್ರೆಂತ್ ಎಂಬತ್ತು, ಕ್ವಾಲಿಟಿ ಸೊನ್ನೆ

ಆಕಾಶದಿಂದ ಟೀವಿ ಚಾನೆಲ್ಲುಗಳು ಪುಕ್ಕಟೆಯಾಗಿ ನಮ್ಮ ಮಾಳಿಗೆಯ ಮೇಲೆ ಸುರಿಯುತ್ತಿವೆ, ಹಿಡಿದುಕೊಳ್ಳಲು ಒಂದು ಡಿಶ್ ಇದ್ದರೆ ಸಾಕು ಎಂಬ ಮಹಾಸತ್ಯ ನನಗೆ ತಿಳಿದದ್ದು ಹೊಸಪೇಟೆಯ ನನ್ನ ಅಕ್ಕಿ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ. ಫೋನಿನ ವಿಡಿಯೋದಲ್ಲಿ ಯಾರೋ ಪುಣ್ಯಾತ್ಮ ಡಿಶ್ಶನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿಸಿದ. ಟೀವಿಯಲ್ಲಿ ಚಿತ್ರ ಬಂತು. ಇಷ್ಟೇ! ಹಿಡಿ ಅಕ್ಕಿ ನೋಡಿ ಅದು ಕಂಪ್ಲಿಯದೋ ಎಮ್ಮಿಗನೂರಿನದೋ ಎಂದು ಹೇಳುವ ನನಗೆ ಒಂದು ಉಪಗ್ರಹ ಹುಡುಕುವುದು ಯಾವ ಲೆಕ್ಕ?

ಮರುದಿನವೇ ಮೂರಡಿ ಅಗಲದ ಡಿಶ್ ಮನೆಗೆ ಬಂತು. ನಮ್ಮ ಕಡೆ ಅದಕ್ಕೆ ಛತ್ರಿ ಎನ್ನುತ್ತಾರೆ. ಅದೇ ಸಂಜೆ ಕೇಬಲ್ಲಿನವನನ್ನು ಕರೆಸಿ, ಸ್ವಾತಂತ್ರ್ಯ ಘೋಷಿಸುವ ಗಾಂಭೀರ್ಯದಲ್ಲಿ, ಅವನ ವೈರು ಬಿಚ್ಚಿಸಿ ಕಳಿಸಿದೆ.

ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಐತಾರ ನಾಕ್ ಗಂಟಿಗೆ ನಮ್ ಬಳಗದ ಹಾಡು ಐತ್ರೀ. ಅದೊಂದು ಮುಗೀಲಿ ಅಂದಿದ್ನೆಲ್ಲ."

ಅವಳ ಮಹಿಳಾ ಬಳಗ ಹಾಡಿದ ವಚನಗಳನ್ನು ಒಂದು ಚಾನೆಲ್ಲಿನವರು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅದರಲ್ಲಿ ಎರಡು ಸಾಲು ಗಿರಿಜಾ ಒಬ್ಬಳೇ ಹಾಡುವುದು. ಆ ಎರಡು ಸಾಲಿಗಾಗಿ ಎರಡು ತಿಂಗಳು ರೊಟ್ಟಿ ಬಡಿಯುತ್ತ ಅಭ್ಯಾಸ ಮಾಡಿದ್ದಳು. ಇನ್ನೂ ನಾಲ್ಕು ದಿನ ಇದೆ, ನಾಲ್ಕು ನಿಮಿಷದ ಕೆಲಸ ಎಂದು ನಾನು ಅಭಯ ಕೊಟ್ಟೆ. ಬಳಗದವರನ್ನೆಲ್ಲ ನಮ್ಮ ಮನೆಗೇ ಕರಿ ಎಂದವನೂ ನಾನೇ.

ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಮಾಳಿಗೆ. ಮಾಳಿಗೆಯ ನಡುವೆ ಸ್ಟ್ಯಾಂಡ್ ಇಟ್ಟೆ. ಆಷಾಢದ ಗಾಳಿಗೆ ಅದು ಅಲುಗಾಡದಂತೆ ಕಾಲುಗಳ ಮೇಲೆ ತೂಕ ಹೇರಬೇಕಲ್ಲ? ಹಿತ್ತಲಲ್ಲಿ ಆರು ಅದಿರಿನ ಕಲ್ಲುಗಳಿದ್ದವು. ಯಶವಂತನಗರದಲ್ಲಿ ಗಣಿ ಕೆಲಸ ಮಾಡುವ ಗಿರಿಜಾಳ ತಮ್ಮ, ಲಾರಿಗಳಿಂದ ರಸ್ತೆಗೆ ಉದುರಿದ್ದನ್ನು ಹಿಂದೆಂದೋ ಆರಿಸಿ ತಂದಿದ್ದ. ನೋಡಲು ತೆಂಗಿನಕಾಯಿಯಷ್ಟು, ಎತ್ತಿದರೆ ಸೊಂಟ ಹಿಡಿಯುವ ತೂಕ. ಆರನ್ನೂ ಹೊತ್ತು ತಂದು ಪೇರಿಸಿದೆ.

ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ಕಣ್ಣಂದಾಜು ನಮ್ಮಂಥವರಿಗಲ್ಲ. ಹೊಸ ದಿಕ್ಸೂಚಿಯೊಂದನ್ನು ಕೊಂಡು, ಸಮತಟ್ಟಾದ ಒಂದು ಕಲ್ಲಿನ ಮೇಲಿಟ್ಟು, ಮುಳ್ಳು ನಿಂತ ಮೇಲೆ ಶಾಸ್ತ್ರೋಕ್ತವಾಗಿ ಡಿಶ್ ತಿರುಗಿಸಿದೆ. ಆಗ ಕಣ್ಣೆತ್ತಿ ನೋಡಿದರೆ ಆಶ್ಚರ್ಯ! ನಮ್ಮ ಬೀದಿಯ ಅಷ್ಟೂ ಮನೆಗಳ ಛತ್ರಿಗಳು ತಪ್ಪು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಈ ಜನರ ಅಜ್ಞಾನಕ್ಕೆ ನನಗೆ ಮರುಕ ಬಂತು. ಪಕ್ಕದ ಮಾಳಿಗೆಯಲ್ಲಿದ್ದ ನಿವೃತ್ತ ಮೇಷ್ಟ್ರು ಕೊಟ್ರಪ್ಪನವರಿಗೆ ವಿಷಯವನ್ನು ನಯವಾಗಿ ತಿಳಿಸಿದೆ.

ಅವರು ತಮ್ಮ ಡಿಶ್ ಕಡೆ ನೋಡಿದರು, ನನ್ನದರ ಕಡೆ ನೋಡಿದರು. "ಇರಬಹುದ್ರೀ ಸಾವ್ಕಾರ್ರ. ಆದ್ರ ನಮ್ದು ಬರ್ತೈತಲ್ಲ" ಎಂದರು.

ಅದು ಅವರ ಅದೃಷ್ಟ ಎಂದು ಹೇಳಿ ನನ್ನ ಕೆಲಸಕ್ಕೆ ಮರಳಿದೆ.

ಟೀವಿಯಲ್ಲಿ ಸಿಗ್ನಲ್ ತೋರಿಸುವ ಎರಡು ಪಟ್ಟಿಗಳು ಕಾಣುತ್ತವೆ. ಸ್ಟ್ರೆಂತ್ ಎಂಬುದು ಬರೀ ವೈರು ಜೋಡಿಸಿದರೂ ಏರುತ್ತದೆ. ಕ್ವಾಲಿಟಿ ಏರಿದರೆ ಮಾತ್ರ ಚಿತ್ರ. ಇದನ್ನು ಮೆಟ್ಟಿಲ ಮೇಲಿಂದ ಗಿರಿಜಾಳಿಗೆ ವಿವರಿಸಿ, ಏನು ಬಂತು ಹೇಳು ಎಂದೆ.

"ಸ್ಟ್ರೆಂತ್ ಎಂಬತ್ತು. ಕ್ವಾಲಿಟಿ ಸೊನ್ನೆ," ಎಂದು ಕೆಳಗಿನಿಂದ ಉತ್ತರ ಬಂತು. ಅದರ ಬೆನ್ನಿಗೇ, "ನಿಮ್ ಹಂಗಾ ಐತಿ ನೋಡ್ರಿ ಇದು."

ಮುಂದಿನ ಮೂರು ದಿನದ ಇತಿಹಾಸ ಸಂಕ್ಷಿಪ್ತವಾಗಿ ಹೀಗಿದೆ. ವೈರು ಸರಿಯಿಲ್ಲವೆಂದು ಬದಲಾಯಿಸಿದೆ. ಸೊನ್ನೆ. ಸೆಟ್ ಟಾಪ್ ಬಾಕ್ಸ್ ಕೆಟ್ಟಿದೆಯೆಂದು ಅಂಗಡಿಯವನೊಂದಿಗೆ ಜಗಳವಾಡಿ ಬೇರೆ ತಂದೆ. ಸೊನ್ನೆ. ಕೊಟ್ರಪ್ಪನವರ ನುಗ್ಗೆಮರ ಅಡ್ಡ ಬರುತ್ತಿದೆಯೆಂದು ಅವರನ್ನು ಒಪ್ಪಿಸಿ, ಕಾಯಿ ತುಂಬಿದ ಕೊಂಬೆಯನ್ನೇ ಕಡಿಸಿದೆ. ನಮಗೆ ಮೂರು ಹೊತ್ತೂ ನುಗ್ಗೆಕಾಯಿ ಸಾರಾಯಿತು. ಕ್ವಾಲಿಟಿ ಅದೇ ಸೊನ್ನೆ!

ಭಾನುವಾರ ಮೂರು ಗಂಟೆಗೆ ಬಳಗದ ಹದಿನಾಲ್ಕು ಮಂದಿ ಇಳಕಲ್ ಸೀರೆಯುಟ್ಟು ಬಂದು ನಮ್ಮ ಹಾಲಿನಲ್ಲಿ ಕುಳಿತರು. ಟೀವಿ ನೀಲಿಯಾಗಿತ್ತು. ಕೊಟ್ರಪ್ಪನವರು ಮೆಲ್ಲಗೆ ಬಂದು, ಎಲ್ಲರನ್ನೂ ತಮ್ಮ ಮನೆಗೇ ಕರೆದುಕೊಂಡು ಬನ್ನಿ ಎಂದರು. ಹತ್ತು ನಿಮಿಷದಲ್ಲಿ ಬರುತ್ತದೆ ಎಂದು ನಾನೇ ಅವರನ್ನು ಸಾಗಹಾಕಿದೆ. ಗಿರಿಜಾ ನನ್ನ ಮುಖ ನೋಡದೆ ಚಹಾ ಹಂಚುತ್ತಿದ್ದಳು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರೂವರೆಗೆ ಅವಳೇ ಮಾಳಿಗೆಗೆ ಬಂದಳು. "ಇದು ಯಾ ದಿಕ್ಕಿಗೆ ಇರ್ಬೇಕ್ರೀ?"

"ಆಗ್ನೇಯಕ್ಕ."

"ನಮ್ ಅಡ್ಗಿಮನಿ ಯಾ ದಿಕ್ಕಿಗೆ ಐತಿ?"

ಮನೆ ಕಟ್ಟಿಸುವಾಗ ಅಡುಗೆಮನೆ ಎರಡಡಿ ಅತ್ತ ಸರಿದು ಆಗ್ನೇಯ ತಪ್ಪಿದೆಯೆಂದು, ಎದೆಮಟ್ಟ ಎದ್ದಿದ್ದ ಗೋಡೆಯನ್ನು ಕೆಡವಿಸಿ ಮತ್ತೆ ಕಟ್ಟಿಸಿದ ಮಹಾನುಭಾವ ನಾನೇ. ಆ ಅಡುಗೆಮನೆಯ ಮೂಲೆಗೆ ನನ್ನ ಡಿಶ್ ನೆಟ್ಟಗೆ ಬೆನ್ನು ಹಾಕಿ ನಿಂತಿತ್ತು. ದಿಕ್ಸೂಚಿಯನ್ನು ಕಲ್ಲಿನಿಂದ ಎತ್ತಿದೆ. ಮುಳ್ಳು ಗಿರ್ರನೆ ತಿರುಗಿ ಬೇರೆ ಕಡೆ ನಿಂತಿತು. ಮತ್ತೆ ಕಲ್ಲಿನ ಹತ್ತಿರ ತಂದೆ, ಮತ್ತೆ ತಿರುಗಿತು. ಕಬ್ಬಿಣದ ಅದಿರಿನ ಮೇಲೆ ದಿಕ್ಸೂಚಿ ಇಟ್ಟು ನಾಲ್ಕು ದಿನ ಉಪಗ್ರಹ ಹುಡುಕಿದ್ದೆ!

ಮುಳ್ಳನ್ನೇ ಕೆಡಿಸಿದ ಕಲ್ಲು ಸಿಗ್ನಲ್ಲನ್ನು ಬಿಟ್ಟೀತೇ ಎಂದು, ಯಾರೂ ಕೇಳದಿದ್ದರೂ ತೀರ್ಪು ಕೊಟ್ಟು, ಆರೂ ಕಲ್ಲುಗಳನ್ನು ಹಿತ್ತಲಿಗೆ ಹೊತ್ತು ಹಾಕಿ ಬಂದೆ. ಆಮೇಲೆ ಡಿಶ್ಶನ್ನು ಅಡುಗೆಮನೆಯ ಮೂಲೆಯತ್ತ ತಿರುಗಿಸಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಕೆಳಗಿನಿಂದ ಗಿರಿಜಾಳ ದನಿ ಬಂತು, "ಕ್ವಾಲಿಟಿ ಅರವತ್ರೀ."

ಅಷ್ಟರಲ್ಲಿ ಗಾಳಿ ಬೀಸಿತು. ಸ್ಟ್ಯಾಂಡಿನ ಒಂದು ಬದಿ ಮೇಲೆದ್ದಿತು, ಕೆಳಗೆ ಹದಿನಾಲ್ಕು ಮಂದಿ ಒಟ್ಟಿಗೆ ಅಯ್ಯೋ ಎಂದರು. ಕಲ್ಲು ಹಿತ್ತಲಲ್ಲಿ, ಸೊಂಟ ಆಗಲೇ ಹೋಗಿತ್ತು. ಬೇರೆ ದಾರಿ ಕಾಣದೆ ಸ್ಟ್ಯಾಂಡಿನ ಕಾಲುಗಳ ಮೇಲೆ ನಾನೇ ಕುಳಿತೆ. ಚಿತ್ರ ಬಂತು. ಎದ್ದೆ, ಹೋಯಿತು. ಕುಳಿತೆ, ಬಂತು. ಅಲ್ಲಿಗೆ ನನ್ನ ನೇಮಕಾತಿ ಖಾಯಂ ಆಯಿತು.

ಅರ್ಧ ಗಂಟೆ ಕುಳಿತಿದ್ದೆ. ಗಿರಿಜಾಳ ಎರಡು ಸಾಲು ಬಂದಾಗ ಹಾಲಿನ ಗದ್ದಲವೆಲ್ಲ ನಿಂತು, ಅವಳ ದನಿ ಮೆಟ್ಟಿಲು ಹತ್ತಿ ನನ್ನ ತನಕ ಸ್ಪಷ್ಟವಾಗಿ ಬಂತು. ಇಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಎಲ್ಲರೂ ಹೋದ ಮೇಲೆ ಅವಳು ನನಗೆ ಚಹಾ ತಂದಳು. "ಕೇಳಿಸ್ತೇನ್ರೀ?"

"ಭಾಳ ಚಲೋ ಹಾಡೀದಿ. ನೋಡಾಕ ಮಾತ್ರ ಆಗ್ಲಿಲ್ಲ."

"ಮುಗೀತಲ್ಲ, ಇನ್ನಾ ಯಾಕ ಕುಂತೀರಿ?"

ಈ ಯಂತ್ರಕ್ಕೆ ತೂಕ ಅತ್ಯವಶ್ಯಕ, ನಾನೆದ್ದರೆ ಉಪಗ್ರಹದ ಸಂಪರ್ಕ ಕಡಿದು ಹೋಗುತ್ತದೆ ಎಂದು ವಿವರಿಸಿದೆ. ಅವಳು ತಾಳ್ಮೆಯಿಂದ ಪೂರ್ತಿ ಕೇಳಿದಳು.

"ಕೆಳಗ ಅಂಗಡ್ಯಾಗ ಅಕ್ಕಿ ಚೀಲ ಎಷ್ಟದಾವ್ರೀ?"

ಅರವತ್ತಿದ್ದವು.

ಈಗ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಹೊದ್ದ ಎರಡು ನುಚ್ಚಕ್ಕಿ ಚೀಲಗಳು ಕುಳಿತಿವೆ. ನಾನು ಕುಳಿತಾಗ ಕ್ವಾಲಿಟಿ ಅರವತ್ತಿತ್ತು. ಚೀಲ ಕುಳಿತ ಮೇಲೆ ಎಪ್ಪತ್ತು ತೋರಿಸುತ್ತಿದೆ.