ಪೆನ್ಸಿಲಿನ ಡ್ಯೂಟಿ ಪಟ್ಟಿ

ನಾನು ನಿಂತಿದ್ದದ್ದು ಮುಂಬಯಿ ಬಳಿಯ ಮಾಜಿವಾಡಾದ ಒಂದು ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಲಿಫ್ಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿತ್ತು. ಇಷ್ಟು ನಿಖರವಾಗಿ ಹೇಳದಿದ್ದರೆ, ಇಪ್ಪತ್ತೆರಡು ವರ್ಷ ಅಲ್ಲಿ ದುಡಿದ ನಮ್ಮ ಚಿಕ್ಕಮ್ಮ ಒಂದು ರಬ್ಬರಿಗಾಗಿ ರಾಜೀನಾಮೆ ಕೊಟ್ಟಳೆಂದರೆ ಯಾರು ನಂಬುತ್ತಾರೆ!

ವಾರ್ಡಿನ ನರ್ಸುಗಳ ಡ್ಯೂಟಿ ಪಟ್ಟಿಯನ್ನು ಆಕೆ ಪೆನ್ಸಿಲಿನಲ್ಲೇ ಬರೆಯುತ್ತಿದ್ದಳು. ಯಾಕೆಂದು ಒಮ್ಮೆ ಕೇಳಿದ್ದೆ.

"ಪೆನ್ನಲ್ಲಿ ಬರೆದ್ರೆ ಹುಡುಗಿಯರಿಗೆ ಕೇಳ್ಲಿಕ್ಕೆ ಹೆದರಿಕೆ ಆಗ್ತದೆ ಮಾರಾಯ!"

ಒಬ್ಬಳಿಗೆ ಶಹಾಡಿನಲ್ಲಿ ಅತ್ತೆಯ ಡಯಾಲಿಸಿಸ್, ಇನ್ನೊಬ್ಬಳಿಗೆ ಡೊಂಬಿವಲಿಯಲ್ಲಿ ಮಗುವಿನ ಪರೀಕ್ಷೆ. ಅಳಿಸಿ ಅಳಿಸಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಹೊಂದಿಸುತ್ತಿದ್ದಳು. ಹಾಳೆ ತೂತಾದರೆ? ಗಾಯಕ್ಕೆ ಹಚ್ಚುವ ಟೇಪು!

ಹೊಸ ಮ್ಯಾನೇಜರ್ ಬಂದವರೇ ಪಟ್ಟಿಯನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಚಿಕ್ಕಮ್ಮ ಅಂದೇ ತಿಂಗಳ ನೋಟೀಸು ಕೊಟ್ಟು, ನವಿ ಮುಂಬಯಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಸಂದರ್ಶನಕ್ಕೆ ಹೋದಳು. ಒಂದೂವರೆ ಪಟ್ಟು ಸಂಬಳವಂತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಡ್ಯೂಟಿ ಯಾರು ಹಾಕುದು?" ಹೆಡ್ ಆಫೀಸ್ ಎಂದರಂತೆ. ಕೊಟ್ಟ ಚಹಾವನ್ನೂ ಕುಡಿಯದೆ ಎದ್ದು ಬಂದಳು.

"ಇನ್ನೆಂತ ಮಾಡುದು ಚಿಕ್ಕಮ್ಮ?"

"ಮನೆಯಲ್ಲಿ ನಿನ್ನ ಚಿಕ್ಕಪ್ಪನಿಗೆ ಡ್ಯೂಟಿ ಹಾಕ್ತೇನೆ!"

ನಾನು ಲಿಫ್ಟಿನ ಬಳಿ ನಿಂತಿದ್ದ ಆ ದಿನ ಅವಳ ನೋಟೀಸಿನ ಕೊನೆಯ ದಿನ. ಸಾಮಾನು ಹೊರಲು ಚೀಲ ಹಿಡಿದು ನಾನು ಬಂದಿದ್ದೆ. ಲಿಫ್ಟಿನಿಂದ ಮ್ಯಾನೇಜರ್ ಇಳಿದರು. ಆ ಒಂದು ತಿಂಗಳಲ್ಲಿ ಮೂವರು ನರ್ಸುಗಳು ಕೆಲಸ ಬಿಟ್ಟಿದ್ದರು. ಇನ್ನಿಬ್ಬರ ಪತ್ರ ಅವರ ಕೈಯಲ್ಲೇ ಇತ್ತು.

"ಸಿಸ್ಟರ್, ಲಿಸ್ಟ್ ಆಪ್ ಹೀ ಬನಾಯಿಯೇ," ಎಂದು ಪಟ್ಟಿಯನ್ನು ಮತ್ತೆ ಅವಳಿಗೇ ಒಪ್ಪಿಸಿ ತಮ್ಮ ಪೆನ್ನನ್ನು ಚಾಚಿದರು.

ಚಿಕ್ಕಮ್ಮ ಪೆನ್ನನ್ನು ನೋಡಿದಳು. ಆಮೇಲೆ ಅವರನ್ನು ನೋಡಿದಳು. ಸಾಹೇಬರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದರು! ಸರಿಯಾಗಿ ಎರಡಕ್ಕೆ ಪೆನ್ಸಿಲು, ರಬ್ಬರು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದರು. ಪಾಳಿ ಬದಲಾಗುವ ಹೊತ್ತು. ಬಂದವರು, ಹೊರಟವರು ಎಲ್ಲ ನರ್ಸುಗಳೂ ಚಪ್ಪಾಳೆ ತಟ್ಟಿದರು. ಒಂಬತ್ತನೆಯ ಹಾಸಿಗೆಯ ಅಜ್ಜಿಯೂ ವಿಷಯ ತಿಳಿಯದೆ ತಟ್ಟಿದರು, ಸಲೈನ್ ಹಾಕಿದ ಕೈಯಲ್ಲೇ!

"ಆಜಿ, ಹಾತ್ ಹಲವೂ ನಕಾ!" ಕೈ ಆಡಿಸಬೇಡಿ ಎಂದು ಚಿಕ್ಕಮ್ಮ ಗದರಿಸಿ, ಕೂತು, ಹೊಸ ಹಾಳೆಗೆ ಗೆರೆ ಎಳೆದಳು.

ಮೂರು ವಾರದ ಹಿಂದೆ ಸೇರಿದ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು ನಿಂತಳು. ಅವಳು ಯಾರೊಡನೆಯೂ ಮಾತಾಡಿದ್ದಿಲ್ಲ.

"ಸಿಸ್ಟರ್, ಗುರುವಾರ್ ಕೋ..." ಎಂದಳು.

ಚಿಕ್ಕಮ್ಮ ಕಾರಣ ಕೇಳಲಿಲ್ಲ. ಆ ಹುಡುಗಿಯ ಗುರುವಾರದ ಚೌಕದಲ್ಲಿ ತನ್ನ ಹೆಸರನ್ನು ಬರೆದುಕೊಂಡಳು.

ನಾನು ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೆ. ಇದನ್ನು ಕಂಡವರು ಇನ್ನೂ ಇದ್ದಾರೆ: ಆ ಹುಡುಗಿ, ಆ ಮ್ಯಾನೇಜರ್, ಮತ್ತು ಡಾಕ್ಟರುಗಳೇ ಆಸೆ ಬಿಟ್ಟಿದ್ದ ಆ ಅಜ್ಜಿ. ಅಜ್ಜಿ ಈಗ ನೌಪಾಡಾದ ಮನೆಯಲ್ಲಿದ್ದಾರೆ, ಬೇಕಾದರೆ ಕೇಳಿ.