ತಾರೀಖಿನ ಚಾರ್ಜು ಬೇರೆ

ಇನ್ನು ಮೇಲೆ ಯಾರ ಕಂಪ್ಯೂಟರನ್ನಾದರೂ ಪುಕ್ಕಟೆಯಾಗಿ ಮುಟ್ಟಿದರೆ ತನ್ನ ಹೆಸರು ಸೇತುರಾಮನೇ ಅಲ್ಲ ಎಂದು ಸೇತುರಾಮ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಭೀಷ್ಮಪ್ರತಿಜ್ಞೆ ಮಾಡಿದ.

ಅದು ಎಂಬತ್ತೆಂಟನೇ ಇಸವಿ. ಇಡೀ ವಿಜಯನಗರ ಬಡಾವಣೆಯಲ್ಲಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಬಲ್ಲ ಗಂಡಸು ತಾನೊಬ್ಬನೇ ಎಂದು ಅವನ ನಂಬಿಕೆ. ಕಾರ್ಖಾನೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಏಸಿ ರೂಮಿನೊಳಗೆ ಹೋಗುವ ನೌಕರಿ ಅವನದು. ಒಳಗಿರುವುದು ಕಂಪ್ಯೂಟರೋ ದೇವರೋ ಎಂದು ನೆರೆಹೊರೆಯವರಿಗೆ ಅನುಮಾನ. ಪರಿಚಯದವರ ಯಂತ್ರ ಕೆಟ್ಟರೆ ಇವನಿಗೇ ಕರೆ. ಇವನೂ ಹೋಗಿ ಅರ್ಧ ದಿನ ಬೆನ್ನು ಬಗ್ಗಿಸಿ, ಬೈಟು ಕಾಫಿ ಕುಡಿದು ಬರುತ್ತಿದ್ದ. ರಾಜಾಜಿನಗರದಲ್ಲಿ ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟಿದ್ದ ಚಕ್ರಪಾಣಿಯಂತೂ ಆ ಅರ್ಧ ಕಾಫಿಯನ್ನೂ ಕೊಡಿಸುತ್ತಿರಲಿಲ್ಲ. ಇವನ ಮನೆಯವರಲ್ಲಿ ಯಾರದಾದರೂ ಒಂದು ಜಾತಕ ಅಚ್ಚು ಹಾಕಿ ಕೈಗಿಟ್ಟು ಕಳಿಸುತ್ತಿದ್ದ. ಹೀಗಾಗಿ ಸೇತುರಾಮನ ಹೆಂಡತಿ ಸೀತಾಳ ಜಾತಕದ್ದೇ ಮನೆಯಲ್ಲಿ ನಾಲ್ಕು ಪ್ರತಿ ಇದ್ದವು. ನಾಲ್ಕರಲ್ಲೂ ಪತಿಯಿಂದ ಧನಲಾಭ ಎಂದು ಬರೆದಿತ್ತು.

"ಡಾಕ್ಟರು ಫೀಸು ತಗೊಳ್ಳಲ್ವೇನೇ? ನಂದೂ ಇನ್ಮೇಲೆ ಇಪ್ಪತ್ತೈದು ರೂಪಾಯಿ," ಎಂದ ಸೇತುರಾಮ.

"ನೀವು ಬಾಯಿಬಿಟ್ಟು ಕೇಳ್ತೀರಾ? ಕಂಡಕ್ಟರ್ ಹತ್ರ ಚಿಲ್ಲರೆ ಕೇಳೋಕಾಗದೆ ಎರಡು ಸ್ಟಾಪ್ ಮುಂದೆ ಹೋಗಿ ಇಳಿಯೋರು ನೀವು," ಎಂದಳು ಸೀತಾ.

ಅಂದು ಮಧ್ಯಾಹ್ನವೇ ಚಕ್ರಪಾಣಿಯಿಂದ ಕರೆ ಬಂತು. ಸೇತುರಾಮ ಹೋಗಿ ಯಂತ್ರದ ಮುಚ್ಚಳ ಬಿಚ್ಚಿದ. ಸೊಳ್ಳೆಬತ್ತಿಯ ಬೂದಿ ಗುಡಿಸಿದ, ಒಂದು ಜಿರಳೆ ಸಂಸಾರವನ್ನು ಒಕ್ಕಲೆಬ್ಬಿಸಿದ, ಯಂತ್ರದೊಳಗಿನ ಗಡಿಯಾರದ ಪುಟ್ಟ ಬ್ಯಾಟರಿಯನ್ನು ತೆಗೆದು ಒರೆಸಿ ಮತ್ತೆ ಕೂರಿಸಿದ. ಯಂತ್ರ ಗುಂಯ್ ಎಂದಿತು. ಆಮೇಲೆ ಗೋಡೆಯ ಮೇಲಿನ ದೇವರ ಪಟ ನೋಡುತ್ತ ಇಪ್ಪತ್ತೈದು ರೂಪಾಯಿ ಎಂದ.

ಚಕ್ರಪಾಣಿ ಮೊದಲು ನಕ್ಕ. ಇದು ತಮಾಷೆಯಲ್ಲ ಎಂದು ತಿಳಿದ ಮೇಲೆ ಸ್ನೇಹದ ಮಾತಾಡಿದ, ಕಣ್ಣೊರೆಸಿಕೊಂಡ, ಕೊನೆಗೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ ಹಾಗೆ ಮಾಡಿ ಹತ್ತಕ್ಕೆ ಇಳಿಸಿದ. ಸೇತುರಾಮನಿಗೆ ಉರಿದುಹೋಯಿತು. ಅಷ್ಟರಲ್ಲಿ ಪರದೆಯ ಮೂಲೆ ಕಣ್ಣಿಗೆ ಬಿತ್ತು. ಬ್ಯಾಟರಿ ತೆಗೆದಿದ್ದರಿಂದ ಯಂತ್ರ ಇಸವಿ ಮರೆತು ೧೯೮೦ರ ಜನವರಿ ಒಂದಕ್ಕೆ ಹೋಗಿ ಕೂತಿತ್ತು. ಸರಿಪಡಿಸಲು ಅರ್ಧ ನಿಮಿಷ ಸಾಕು. ಆದರೆ ಹತ್ತು ರೂಪಾಯಿಗೆ ಹತ್ತು ರೂಪಾಯಿಯ ಕೆಲಸ ತಾನೇ? ತಾರೀಖು ಕೂರಿಸುವುದಕ್ಕೆ ಚಾರ್ಜು ಬೇರೆ. ವಾರದಲ್ಲಿ ಮತ್ತೆ ಕರೆಯುತ್ತಾನೆ, ಬರಲಿ ಇನ್ನೊಂದು ಹತ್ತು! ತಾರೀಖನ್ನು ಹಾಗೇ ಬಿಟ್ಟು, ಹತ್ತು ರೂಪಾಯಿ ಜೇಬಿಗಿಳಿಸಿ ಅಲ್ಲಿಂದೆದ್ದು, ಹೆಂಡತಿಗೆ ಎರಡು ಮೊಳ ಮಲ್ಲಿಗೆ ತಗೊಂಡು ಮೀಸೆ ತಿರುವುತ್ತ ಮನೆಗೆ ಬಂದ.

ಆಗ ಮನೆಯಲ್ಲಿ ತಂಗಿ ಅನಂತಲಕ್ಷ್ಮಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಈ ಸಲ ಬಸವೇಶ್ವರನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ನಾಣಿ ಅವಳನ್ನು ಮೆಚ್ಚಿದ್ದ, ಅವಳೂ ಅವನನ್ನು ಮೆಚ್ಚಿದ್ದಳು. ನಾಣಿಯ ತಾಯಿ ಅಲಮೇಲಮ್ಮನವರು ಜಾತಕವೊಂದನ್ನು ನೋಡಿಬಿಟ್ಟರೆ ಆಯಿತು. ಅವರಿಗೆ ಜೋಯಿಸರ ಮೇಲೆ ನಂಬಿಕೆಯಿಲ್ಲ, ಕಂಪ್ಯೂಟರಿನ ಮೇಲೆ ಅಪಾರ ಭಕ್ತಿ. ಚಕ್ರಪಾಣಿಯ ಅಂಗಡಿಯ ವಿಳಾಸವನ್ನು ಅವರಿಗೆ ಹೆಮ್ಮೆಯಿಂದ ಬರೆದುಕೊಟ್ಟವನು ಸೇತುರಾಮನೇ.

ಸೋಮವಾರ ಸಂಜೆ ಅಲಮೇಲಮ್ಮ ಬಂದರು. ಕಾಫಿ ಮುಟ್ಟಲಿಲ್ಲ. ನಾಲ್ಕು ಮೂಲೆಗೂ ಕುಂಕುಮ ಹಚ್ಚಿದ್ದ ಕಾಗದವನ್ನು ಬಿಚ್ಚಿ ಮುಂದಿಟ್ಟರು.

"ನಿಮ್ಮ ತಂಗಿಗೆ ಈಗ ಹದಿಮೂರು ವರ್ಷ ಅಂತಿದೆ. ವಿವಾಹಯೋಗ ಬರೋಕೆ ಇನ್ನೂ ಎಂಟು ವರ್ಷವಂತೆ. ಅಷ್ಟು ದಿನ ನಾವು ಕಾಯೋಕಾಗಲ್ಲ."

ಹುಡುಗಿ ಬಿ.ಎ. ಮುಗಿಸಿ ಎದುರಿಗೇ ನಿಂತಿದ್ದಾಳಲ್ಲ ಎಂದು ಸೀತಾ ಹೇಳಿದ್ದಕ್ಕೆ, ಕಣ್ಣು ತಪ್ಪಬಹುದು, ಕಂಪ್ಯೂಟರ್ ತಪ್ಪುವುದಿಲ್ಲ ಎಂದುಬಿಟ್ಟರು. ಹುಟ್ಟಿದ ಇಸವಿಯಲ್ಲಿ ಇವರು ಏನೋ ಮುಚ್ಚಿಟ್ಟಿದ್ದಾರೆಂದು ಅವರ ಗುಮಾನಿ.

"ಅಣ್ಣ, ನನ್ನ ಮತ್ತೆ ಹೈಸ್ಕೂಲಿಗೆ ಸೇರಿಸ್ತೀಯಾ?" ಎಂದು ಅನಂತಲಕ್ಷ್ಮಿ ತಮಾಷೆ ಮಾಡಲು ಹೋದಳು. ಮಾತು ಮುಗಿಯುವ ಮೊದಲೇ ಅವಳ ಕಣ್ಣು ತುಂಬಿತು.

ಸೇತುರಾಮ ತಪ್ಪನ್ನು ಚಕ್ರಪಾಣಿಯ ತಲೆಗೆ ಕಟ್ಟೋಣವೆಂದು ಒಂದು ಗಳಿಗೆ ಯೋಚಿಸಿದ. ಜಿರಳೆಗಳ ಮೇಲೆ ಹಾಕೋಣವೆಂದು ಇನ್ನೊಂದು ಗಳಿಗೆ ಯೋಚಿಸಿದ. ಕೊನೆಗೆ ನೆಲ ನೋಡುತ್ತ, ಇಪ್ಪತ್ತೈದರಿಂದ ಹಿಡಿದು ಹತ್ತರವರೆಗೆ, ಬೇಕೆಂದೇ ಎಂಬತ್ತನೇ ಇಸವಿಯಲ್ಲೇ ಬಿಟ್ಟ ತಾರೀಖಿನವರೆಗೆ, ಒಂದನ್ನೂ ಬಿಡದೆ ಒಪ್ಪಿಕೊಂಡ. ಸೀತಾ ಮುಡಿಯಲ್ಲಿದ್ದ ನಿನ್ನೆಯ ಮಲ್ಲಿಗೆಯನ್ನು ಕಿತ್ತು ಕಿಟಕಿಯ ಮೇಲಿಟ್ಟಳು.

ಅಲಮೇಲಮ್ಮ ಬೆರಳು ಮಡಿಸುತ್ತ ಏನೋ ಎಣಿಸಿದರು.

"ಎಂಬತ್ತಕ್ಕೆ ಎಂಟು ಸೇರಿಸಿದ್ರೆ ಎಂಬತ್ತೆಂಟು. ಅಂದ್ರೆ ಯೋಗ ಈ ವರ್ಷವೇ ಇದೆ. ನೋಡಿದ್ರಾ, ಕಂಪ್ಯೂಟರ್ ತಪ್ಪು ಹೇಳಲ್ಲ," ಎಂದು ತಣ್ಣಗಾಗಿದ್ದ ಕಾಫಿಯನ್ನು ಎತ್ತಿಕೊಂಡರು.

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಅಲಮೇಲಮ್ಮ ಲೋಟ ಕೆಳಗಿಟ್ಟು, ವರದಕ್ಷಿಣೆ ಎಂದು ತಾವು ಬಿಡಿಗಾಸೂ ಕೇಳುವುದಿಲ್ಲ ಎಂದರು. ಸೇತುರಾಮ ಕೈಮುಗಿಯುವಷ್ಟರಲ್ಲಿ ಮುಂದುವರಿಸಿದರು.

"ನಾಣಿ ಟೈಪ್‌ರೈಟರೆಲ್ಲ ಮಾರಿ ಕಂಪ್ಯೂಟರ್ ಕ್ಲಾಸ್ ಮಾಡ್ತಾ ಇದಾನೆ. ಎಂಟು ಮಿಷನ್ನು. ಕೆಟ್ಟಾಗ ನೀವು ಬಂದು ನೋಡಿಕೊಟ್ರೆ ಸಾಕು. ಬೀಗರ ಮನೇಲಿ ಯಾರೂ ಚಾರ್ಜ್ ತಗೊಳ್ಳಲ್ಲ ಅಲ್ವೇ?"

ಸೇತುರಾಮ ತಂಗಿಯ ಮುಖ ನೋಡಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಆ ನಗುವಿನ ಮುಂದೆ ಅವನ ಪ್ರತಿಜ್ಞೆ ಎಲ್ಲಿ ನಿಂತೀತು?

"ಎಂಟೇ ತಾನೇ, ಬಂದು ನೋಡ್ತೀನಿ ಬಿಡಿ," ಎಂದ.

"ಸದ್ಯಕ್ಕೆ ಎಂಟು," ಎಂದರು ಅಲಮೇಲಮ್ಮ.